'ದಿ ಜನರಲ್' ಸಿನಿಮಾವನ್ನು ಬಸ್ಟರ್ ಕೀಟನ್ ಒಬ್ಬನೇ ಮಾಡಿದ್ದಾ? ಜೊತೆಯಲ್ಲಿ ಯಾರ್ಯಾರಿದ್ದರು?

ಮೊನ್ನೆ ಅಮೆರಿಕದ ಹಾಸ್ಯ ನಟ ಕೀಟನ್‌ನ ಈ ಮೂಕಿ ಚಿತ್ರ ನೋಡಿದೆ ಅಂದಿದ್ದೀರಿ. ನಿರ್ದೇಶಕರ ಜಾಗದಲ್ಲಿ ಕೀಟನ್ ಜೊತೆ ಕ್ಲೈಡ್ ಬ್ರುಕ್‌ಮನ್ ಅನ್ನೋ ಹೆಸರಿದೆ, ಅವನು ಯಾರು ಅಂತ ಕೇಳಿದ್ದೀರಿ. ಸೇತುವೆ ಮುರಿದು ರೈಲು ನದಿಗೆ ಬೀಳೋದು ನಿಜವಾ, ಬೊಂಬೆ ರೈಲಾ ಅಂತಲೂ ಕೇಳಿದ್ದೀರಿ. ನನಗೆ ತುಂಬಾ ಹತ್ತಿರವಾದ ಸಿನಿಮಾ ಇದು. ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ರೈಲು ನಿಜವಾದದ್ದೇ. ಕೀಟನ್ ಒಬ್ಬನೇ ಮಾಡಿದ ಸಿನಿಮಾ ಮಾತ್ರ ಅಲ್ಲ. ವರ್ಷಗಟ್ಟಲೆ ಒಟ್ಟಿಗೇ ಇದ್ದ ಒಂದು ಚಿಕ್ಕ ತಂಡ ಮಾಡಿದ ಸಿನಿಮಾ ಇದು. ಆ ತಂಡ ಇಲ್ಲದಿದ್ದರೆ ಕೀಟನ್‌ಗೆ ಏನಾಗ್ತಿತ್ತು ಅನ್ನೋದು ಎರಡೇ ವರ್ಷದಲ್ಲಿ ಗೊತ್ತಾಗಿಹೋಯಿತು. ಅದನ್ನು ಆಮೇಲೆ ಹೇಳ್ತೀನಿ.

ಮೊದಲು ಬ್ರುಕ್‌ಮನ್. ಇವನು ಪತ್ರಿಕೆಯಲ್ಲಿ ಕ್ರೀಡೆಯ ಸುದ್ದಿ ಬರೆಯುತ್ತಿದ್ದವನು. ಆಮೇಲೆ ಕೀಟನ್ ಕಂಪನಿಯಲ್ಲಿ ತಮಾಷೆ ಸನ್ನಿವೇಶಗಳನ್ನು ಹೆಣೆಯುವ ಕೆಲಸಕ್ಕೆ ಬಂದ. ಈ ಕಥೆಯನ್ನು ತಂದದ್ದೇ ಅವನು. 1862ರ ಏಪ್ರಿಲ್ 12ರಂದು, ಅಮೆರಿಕದ ಉತ್ತರ ಮತ್ತು ದಕ್ಷಿಣ ರಾಜ್ಯಗಳ ಅಂತರ್ಯುದ್ಧದ ನಡುವೆ, ಉತ್ತರದ ಕಡೆಯ ಗೂಢಚಾರರು ದಕ್ಷಿಣದ ಜಾರ್ಜಿಯಾ ರಾಜ್ಯದ ಬಿಗ್ ಶಾಂಟಿ ಅನ್ನೋ ಊರಲ್ಲಿ 'ಜನರಲ್' ಹೆಸರಿನ ಇಂಜಿನ್ ಕದ್ದರು. ಪ್ರಯಾಣಿಕರು ತಿಂಡಿಗೆ ಇಳಿದಿದ್ದ ಹೊತ್ತು ಅದು. ಆ ರೈಲಿನ ಕಂಡಕ್ಟರ್ ವಿಲಿಯಂ ಫುಲ್ಲರ್ ಮೊದಲು ಓಡಿಕೊಂಡೇ ಬೆನ್ನಟ್ಟಿದ. ಆಮೇಲೆ ಟ್ರಾಲಿ ಹಿಡಿದ. ಆಮೇಲೆ ಸಿಕ್ಕ ಸಿಕ್ಕ ಇಂಜಿನ್ ಹತ್ತಿದ. ಕದ್ದವರಲ್ಲಿ ಒಬ್ಬನಾದ ವಿಲಿಯಂ ಪಿಟೆಂಜರ್ ಇದನ್ನೆಲ್ಲ ಪುಸ್ತಕ ಮಾಡಿ ಬರೆದಿದ್ದ. ಬ್ರುಕ್‌ಮನ್ ಆ ಪುಸ್ತಕವನ್ನು ಕೀಟನ್ ಕೈಗಿಟ್ಟ. ಕೀಟನ್ ಕಥೆಯನ್ನು ತಿರುಗಿಸಿದ. ಕದ್ದವರನ್ನು ಬಿಟ್ಟು, ಇಂಜಿನ್ ಕಳೆದುಕೊಂಡವನನ್ನು ನಾಯಕ ಮಾಡಿದ. ಕಂಡಕ್ಟರ್ ಹೋಗಿ ಡ್ರೈವರ್ ಬಂದ. ಹೆಸರು ಜಾನಿ ಗ್ರೇ, ಆ ಪಾತ್ರ ಮಾಡಿದವನು ಕೀಟನ್ನೇ.

ಸೆಟ್ಟಿನಲ್ಲಿ ಹೀಗೆ ಮಾಡು, ಹಾಗೆ ಮಾಡು ಅಂತ ಹೇಳುತ್ತಿದ್ದವನು ಹೆಚ್ಚಾಗಿ ಕೀಟನ್ನೇ. ಕೀಟನ್‌ಗೆ ತಮಾಷೆ ಹೆಣೆದುಕೊಡೋಕೆ ಕೀಟನ್‌ಗಿಂತ ಒಳ್ಳೆಯವನು ಸಿಗೋದಿಲ್ಲ ಅಂತ ಬ್ರುಕ್‌ಮನ್ನೇ ಮುಂದೆ ಒಪ್ಪಿಕೊಂಡಿದ್ದ. ಆದರೂ ಕೀಟನ್ ಅವನ ಹೆಸರನ್ನು ತನ್ನ ಪಕ್ಕದಲ್ಲೇ ಹಾಕಿಸಿದ. ಬರೀ ಉಪಕಾರಕ್ಕೆ ಹಾಕಿಸಿದ ಹೆಸರು ಅಂತ ನನಗೆ ಅನ್ನಿಸೋದಿಲ್ಲ. ಕಥೆಯ ಬೀಜ ಕಂಡುಹಿಡಿದವನಿಗೆ ಅಷ್ಟು ಸಲ್ಲಲೇಬೇಕು, ಅಲ್ವಾ?

ಆದರೆ ನನ್ನ ಪ್ರಕಾರ ಈ ಸಿನಿಮಾದ ಎರಡನೇ ಹೀರೋ ಫ್ರೆಡ್ ಗ್ಯಾಬೂರಿ. ತಂಡದ ತಾಂತ್ರಿಕ ನಿರ್ದೇಶಕ. ಕೀಟನ್ ಏನು ಕಲ್ಪಿಸಿಕೊಂಡರೂ ಅದನ್ನು ಮರ, ಕಬ್ಬಿಣ, ಹಗ್ಗದಲ್ಲಿ ಮಾಡಿಕೊಡುತ್ತಿದ್ದವನು ಇವನು. 1924ರ 'ದಿ ನ್ಯಾವಿಗೇಟರ್' ಚಿತ್ರಕ್ಕೆ ಒಂದು ಇಡೀ ಹಳೇ ಹಡಗನ್ನೇ ಹುಡುಕಿ ತಂದವನೂ ಇವನೇ. 'ಜನರಲ್' ಚಿತ್ರಕ್ಕೆ ಮೊದಲು ಅಸಲಿ ಇಂಜಿನ್ನನ್ನೇ ಕೇಳಿದ್ದರು. ಅದು ಆಗ ಟೆನೆಸ್ಸಿಯ ಚಟನೂಗಾ ಸ್ಟೇಷನ್ನಿನಲ್ಲಿ ಸ್ಮಾರಕವಾಗಿ ನಿಂತಿತ್ತು. ಹಾಸ್ಯ ಚಿತ್ರಕ್ಕೆ ಅಂತ ಗೊತ್ತಾದ ಮೇಲೆ ಕೊಡಲಿಲ್ಲ. ಕೊನೆಗೆ ದೇಶದ ಇನ್ನೊಂದು ತುದಿಯಲ್ಲಿ, ಆರೆಗಾನ್ ರಾಜ್ಯದ ಕಾಟೇಜ್ ಗ್ರೋವ್ ಅನ್ನೋ ಸಣ್ಣ ಊರು ಸಿಕ್ಕಿತು. ಕಾಡಿನ ಮರ ಸಾಗಿಸುವ ರೈಲು ಹಳಿಗಳು ಅಲ್ಲಿದ್ದವು. ಹಳೇ ಇಂಜಿನ್‌ಗಳೂ ಇದ್ದವು. ಅವಕ್ಕೆ 1862ರ ವೇಷ ಹಾಕಿದರು. ಹಳಿ ಪಕ್ಕದಲ್ಲಿ ಆ ಕಾಲದ ಊರನ್ನೇ ಕಟ್ಟಿದರು. ಆರೆಗಾನ್ ನ್ಯಾಷನಲ್ ಗಾರ್ಡ್ ಅನ್ನೋ ರಾಜ್ಯದ ಮೀಸಲು ಪಡೆಯ ಸುಮಾರು 500 ಜನ ಎರಡೂ ಸೈನ್ಯದ ಪಾತ್ರ ಮಾಡಿದರು. ಒಂದು ಸಲ ಒಂದು ಯೂನಿಫಾರಂ ಹಾಕಿ ಈ ಕಡೆಯಿಂದ ನುಗ್ಗೋದು, ಆಮೇಲೆ ಇನ್ನೊಂದು ಹಾಕಿಕೊಂಡು ಆ ಕಡೆಯಿಂದ ನುಗ್ಗೋದು.

ಇನ್ನು ನೀವು ಕೇಳಿದ ಸೇತುವೆ. 1926ರ ಜುಲೈ 23ರಂದು ರೌ ನದಿಯ ಮೇಲೆ ತೆಗೆದದ್ದು. ಮರದ ಸೇತುವೆಯನ್ನು ಅದಕ್ಕಂತಲೇ ಕಟ್ಟಿದ್ದರು. ಇಂಜಿನ್ ಅಸಲಿ. ಡ್ರೈವರ್ ಜಾಗದಲ್ಲಿ ಕೂತದ್ದು ಮಾತ್ರ ಬೊಂಬೆ. ನೋಡೋದಕ್ಕೆ ಸುತ್ತಲಿನ ಊರುಗಳಿಂದ ಸಾವಿರಾರು ಜನ ಬಂದಿದ್ದರು. ಒಂದಲ್ಲ, ಆರು ಕ್ಯಾಮೆರಾ ಇಟ್ಟಿದ್ದರು. ತಪ್ಪಿದರೆ ಇನ್ನೊಂದು ಟೇಕ್ ಇಲ್ಲ. ಈ ಒಂದೇ ಒಂದು ಶಾಟ್‌ಗೆ ಆದ ಖರ್ಚು 42,000 ಡಾಲರ್ ಅಂತ ಹೇಳ್ತಾರೆ. ಮೂಕಿ ಕಾಲದ ಅತಿ ದುಬಾರಿ ಶಾಟ್ ಅಂತಲೇ ಇದಕ್ಕೆ ಹೆಸರು. ಬಿದ್ದ ಇಂಜಿನ್ ವರ್ಷಗಟ್ಟಲೆ ನದಿಯಲ್ಲೇ ಇತ್ತು. ಎರಡನೇ ಮಹಾಯುದ್ಧದ ಸಮಯದಲ್ಲಿ ಗುಜರಿ ಕಬ್ಬಿಣಕ್ಕೆ ಅಂತ ಎತ್ತಿದರು.

ಇನ್ನೊಮ್ಮೆ ನೋಡುವಾಗ ರೈಲು ಬಿದ್ದ ಮೇಲೆ ಬರುವ ಮುಖವನ್ನು ಗಮನಿಸಿ. ಸೇತುವೆ ದಾಟು ಅಂತ ಹುಕುಂ ಕೊಟ್ಟ ಸೇನಾಧಿಕಾರಿ ಸುಮ್ನೆ ನಿಂತು ನೋಡ್ತಾನೆ. ಅಷ್ಟು ದುಡ್ಡು ಸುರಿದು ತೆಗೆದ ದೃಶ್ಯ. ಅದರ ನಗು ಇರೋದು ಆ ಪೆಚ್ಚು ಮುಖದಲ್ಲಿ.

ಶೂಟಿಂಗ್ ಸಲೀಸಾಗಿ ಆಗಲಿಲ್ಲ. ಸೌದೆ ಉರಿಸುವ ಇಂಜಿನ್‌ಗಳಿಂದ ಕಿಡಿ ಹಾರಿ ಅಕ್ಕಪಕ್ಕದ ಹೊಲ, ಕಾಡಿಗೆ ಬೆಂಕಿ ಹೊತ್ತಿಕೊಳ್ಳುತ್ತಿತ್ತು. ಒಂದು ಸಲ ದೊಡ್ಡ ಬೆಂಕಿಯೇ ಎದ್ದಿತು. ನಟರು, ಕೆಲಸದವರು, ಸೈನಿಕರು ಎಲ್ಲ ಸೇರಿ ಯೂನಿಫಾರಂ ಬಿಚ್ಚಿ ಅದರಲ್ಲೇ ಬಡಿದು ಆರಿಸಿದರು. ಹೊಗೆ ಎಷ್ಟು ಕವಿದಿತ್ತು ಅಂದರೆ ಮಳೆ ಬಂದು ಆಕಾಶ ತಿಳಿಯಾಗೋ ತನಕ ಕ್ಯಾಮೆರಾ ತಿರುಗಿಸೋದಕ್ಕೆ ಆಗಲಿಲ್ಲ. ಕೆಲಸ ನಿಂತಾಗ ಈ ತಂಡ ಮಾಡುತ್ತಿದ್ದದ್ದು ಒಂದೇ, ಬೇಸ್‌ಬಾಲ್ ಆಡೋದು. ಊರಿನವರ ಜೊತೆಯೂ ಆಡುತ್ತಿದ್ದರು. ಉತ್ತರದ ಸೇನಾಪತಿಗಳಲ್ಲಿ ಒಬ್ಬನ ಪಾತ್ರ ಮಾಡಿದ ಮೈಕ್ ಡಾನ್ಲಿನ್ ಒಂದು ಕಾಲದಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡದ ದೊಡ್ಡ ಆಟಗಾರ.

ಇನ್ನೊಬ್ಬ ಸೇನಾಪತಿ ಜೋ ಕೀಟನ್. ಬಸ್ಟರ್‌ನ ಅಪ್ಪ. ಬಸ್ಟರ್ ಚಿಕ್ಕ ಮಗು ಆಗಿದ್ದಾಗ ಇದೇ ಅಪ್ಪ ನಾಟಕದ ವೇದಿಕೆ ಮೇಲೆ ಅವನನ್ನು ಆ ಕಡೆಯಿಂದ ಈ ಕಡೆಗೆ ಎಸೆಯುತ್ತಿದ್ದ. ಹಿಡಿದು ಎಸೆಯೋಕೆ ಅನುಕೂಲ ಅಂತ ಹುಡುಗನ ಬಟ್ಟೆಗೆ ಸೂಟ್‌ಕೇಸಿನ ಹಿಡಿ ಹೊಲಿದಿದ್ದರು. ಬೀಳೋದನ್ನು ಕೀಟನ್ ಕಲಿತದ್ದು ಹಾಗೆ.

ಈಗ ನನ್ನ ಅಪ್ಪನ ವಿಷಯ ಹೇಳಬೇಕು. ಹುಬ್ಬಳ್ಳಿಯಲ್ಲಿ ಉಗಿ ಇಂಜಿನ್ ಇದ್ದ ಕಾಲದಲ್ಲಿ ಅವರು ಫೈರ್‌ಮನ್ ಆಗಿದ್ದರು. ಕೆಲವು ವರ್ಷದ ಹಿಂದೆ ಈ ಸಿನಿಮಾ ಹಾಕಿ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಸೈನ್ಯಕ್ಕೆ ಸೇರಲಿಲ್ಲ ಅಂತ ಹುಡುಗಿ ಬೈದು ಹೋದ ಮೇಲೆ ಜಾನಿ ಮಂಕಾಗಿ ಇಂಜಿನ್ನಿನ ಚಕ್ರಗಳನ್ನು ಕೂಡಿಸುವ ಕಬ್ಬಿಣದ ರಾಡ್ ಮೇಲೆ ಕೂರ್ತಾನಲ್ಲ, ಆ ದೃಶ್ಯ ಬಂತು. ಇಂಜಿನ್ ಹೊರಡುತ್ತೆ. ಅವನು ಮೇಲೆ ಕೆಳಗೆ, ಮೇಲೆ ಕೆಳಗೆ ಹೋಗ್ತಾ ಇದ್ದಾನೆ, ಅವನಿಗೆ ಗೊತ್ತೇ ಇಲ್ಲ. ನಾನು ನಗ್ತಾ ಇದ್ದೆ. ಅಪ್ಪ ನೆಟ್ಟಗೆ ಕೂತುಬಿಟ್ಟರು. "ಹುಚ್ಚ ಅದಾನೇನ ಇಂವಾ? ಗಾಲಿ ಸ್ಲಿಪ್ ಆದ್ರ ಮುಗೀತು" ಅಂದರು.

ಆಮೇಲೆ ಓದಿದಾಗ ಗೊತ್ತಾಯಿತು, ಅವತ್ತು ಸೆಟ್ಟಿನಲ್ಲಿದ್ದ ಡ್ರೈವರ್ ಕೂಡ ಅದನ್ನೇ ಹೇಳಿದ್ದನಂತೆ. ಹೊರಡುವಾಗ ಉಗಿ ಒಂಚೂರು ಜಾಸ್ತಿ ಬಿಟ್ಟರೂ ಚಕ್ರ ನಿಂತಲ್ಲೇ ಗಿರಗಿರ ತಿರುಗಿಬಿಡುತ್ತೆ, ರಾಡ್ ಮೇಲೆ ಕೂತವನು ಉಳಿಯೋದಿಲ್ಲ. ಆ ಡ್ರೈವರ್‌ನ ಹೆಸರು ಟೈಟಲ್ಲಿನಲ್ಲಿ ಇಲ್ಲ. ಆದರೆ ಆ ದೃಶ್ಯದಲ್ಲಿ ಕೀಟನ್ ಪ್ರಾಣ ಇದ್ದದ್ದು ಅವನ ಕೈಯಲ್ಲಿ.

ಅಪ್ಪ ಮನಸಾರೆ ನಕ್ಕದ್ದು ಬೇರೆ ಕಡೆ. ಇಂಜಿನ್ ಓಡ್ತಾ ಇದೆ, ಹಿಂದೆ ಶತ್ರುಗಳು ಬರ್ತಿದ್ದಾರೆ, ಬೆಂಕಿಗೆ ಸೌದೆ ಬೇಕು. ನಾಯಕಿ ಆನಬೆಲ್ ಒಂದು ತುಂಡಿನಲ್ಲಿ ತೂತು ಇದೆ ಅಂತ ಹೊರಗೆ ಎಸೀತಾಳೆ. ಆಮೇಲೆ ಒಂದು ಚಿಕ್ಕ ಚಕ್ಕೆಯನ್ನು ಜೋಪಾನವಾಗಿ ಬೆಂಕಿಗೆ ಹಾಕ್ತಾಳೆ. ಜಾನಿ ಇನ್ನೂ ಚಿಕ್ಕದೊಂದು ಕಡ್ಡಿ ಕೊಟ್ಟು ನೋಡ್ತಾನೆ. ಅದನ್ನೂ ಹಾಕ್ತಾಳೆ. ಅವನು ಅವಳ ಕತ್ತು ಹಿಡಿದು ಹಿಸುಕೋಕೆ ಹೋಗಿ, ಅರ್ಧದಲ್ಲೇ ಬಿಟ್ಟು ಮುತ್ತು ಕೊಡ್ತಾನೆ. ಬೆಂಕಿ ಬಾಯಿಗೆ ಕಲ್ಲಿದ್ದಲು ತುಂಬಿ ತುಂಬಿ ಬೆನ್ನು ನೋಯಿಸಿಕೊಂಡಿದ್ದ ಅಪ್ಪ ಆ ಜಾಗವನ್ನು ಮೂರು ಸಲ ಹಾಕಿಸಿಕೊಂಡು ನೋಡಿದರು.

ಆನಬೆಲ್ ಪಾತ್ರ ಮಾಡಿದವಳು ಮರಿಯನ್ ಮ್ಯಾಕ್. ಯೂಟಾ ರಾಜ್ಯದ ಗಣಿ ಊರಿನ ಹುಡುಗಿ. ಈ ಸಿನಿಮಾದಲ್ಲಿ ಅವಳನ್ನು ಗೋಣಿಚೀಲಕ್ಕೆ ತುಂಬ್ತಾರೆ, ಬೋಗಿಗೆ ಎಸೀತಾರೆ, ಮೈಮೇಲೆ ನೀರು ಸುರೀತಾರೆ. ಎಲ್ಲಾ ತಡಕೊಂಡಳು. ಆ ಕಾಲದ ಹಾಸ್ಯ ಚಿತ್ರಗಳಲ್ಲಿ ನಾಯಕಿಗೆ ನಿಂತು ನೋಡೋದೇ ಕೆಲಸ. ಇಲ್ಲಿ ಅವಳಿಗೂ ತಮಾಷೆಯಲ್ಲಿ ಪಾಲಿದೆ. ಇದಾದ ಸ್ವಲ್ಪ ದಿನಕ್ಕೆ ನಟನೆ ಬಿಟ್ಟಳು. 1970ರ ದಶಕದಲ್ಲಿ ಹೊಸ ತಲೆಮಾರು ಈ ಚಿತ್ರವನ್ನು ಮತ್ತೆ ಹುಡುಕಿಕೊಂಡಾಗ ಪ್ರದರ್ಶನಗಳಿಗೆ ತಾನೇ ಹೋಗಿ ನೆನಪು ಹೇಳುತ್ತಿದ್ದಳು.

ಕ್ಯಾಮೆರಾ ಹಿಡಿದವರು ಡೆವ್ ಜೆನಿಂಗ್ಸ್ ಮತ್ತು ಬರ್ಟ್ ಹೇನ್ಸ್. ಓಡುವ ರೈಲಿನ ಪಕ್ಕದಲ್ಲೇ ಓಡ್ತಾ ತೆಗೆದ ಶಾಟ್‌ಗಳು ಈಗಲೂ ಅಲುಗಾಡದೆ ಕೂತಿವೆ. ಮ್ಯಾಥ್ಯೂ ಬ್ರೇಡಿಯ ಅಂತರ್ಯುದ್ಧದ ಫೋಟೋಗಳ ಹಾಗಿದೆ ಅಂತ ನೋಡಿದವರು ಹೇಳೋದು ಸುಮ್ನೆ ಅಲ್ಲ. ಚಿತ್ರಕಥೆಗೆ ಕೈಹಾಕಿದ ಚಾರ್ಲ್ಸ್ ಸ್ಮಿತ್ ಆನಬೆಲ್‌ಳ ಅಪ್ಪನಾಗಿಯೂ ನಟಿಸಿದ್ದಾನೆ. ಇನ್ನೊಬ್ಬ ಅಲ್ ಬೋಸ್‌ಬರ್ಗ್, ಮುಂದೆ ರೇಡಿಯೋ ಹಾಸ್ಯಕ್ಕೆ ಹೆಸರಾದವನು. ದುಡ್ಡು ಹಾಕಿದವನು ಜೋಸೆಫ್ ಶೆಂಕ್. ಅವನ ಹೆಂಡತಿ, ಕೀಟನ್ ಹೆಂಡತಿ ಅಕ್ಕತಂಗಿಯರು.

ಒಂದು ಮಾತು ಹೇಳದೆ ಇರೋಕೆ ಆಗೋದಿಲ್ಲ. ಈ ಸಿನಿಮಾ ದಕ್ಷಿಣದ ಸೈನ್ಯದ ಪರ ನಿಲ್ಲುತ್ತೆ. ಆ ದಕ್ಷಿಣ ಯುದ್ಧ ಮಾಡಿದ್ದು ಗುಲಾಮಗಿರಿ ಉಳಿಸಿಕೊಳ್ಳೋದಕ್ಕೆ. ಅದರ ಸುದ್ದಿಯೇ ಸಿನಿಮಾದಲ್ಲಿ ಇಲ್ಲ. ನನಗೆ ಇಷ್ಟು ಪ್ರೀತಿ ಇದ್ದರೂ ಕೊನೆಯಲ್ಲಿ ಬಾವುಟ ಹಿಡಿದು ನಿಲ್ಲುವ ದೃಶ್ಯಗಳಲ್ಲಿ ಮನಸ್ಸು ಹಿಂಜರಿಯುತ್ತೆ. ನೋಡುವವರು ಅದನ್ನು ತಿಳಿದುಕೊಂಡೇ ನೋಡಬೇಕು.

1927ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಬಿಡುಗಡೆಯಾದಾಗ ವಿಮರ್ಶಕರಲ್ಲಿ ಹೆಚ್ಚಿನವರು ಮೆಚ್ಚಲಿಲ್ಲ. ಹಾಕಿದ ದುಡ್ಡೂ ಬರಲಿಲ್ಲ. 1928ರಲ್ಲಿ ಶೆಂಕ್ ಕೀಟನ್‌ನನ್ನು ಎಂಜಿಎಂ ಸ್ಟುಡಿಯೋಗೆ ಕಳಿಸಿಕೊಟ್ಟ. ನಾನು ಮೊದಲು ಹೇಳಿದ್ದು ಇದನ್ನೇ. ಅಲ್ಲಿ ಎಲ್ಲದಕ್ಕೂ ಮೊದಲೇ ಬರೆದ ಸ್ಕ್ರಿಪ್ಟ್ ಬೇಕು, ಪ್ರತಿ ಖರ್ಚಿಗೂ ಮೇಲಿನವರ ಒಪ್ಪಿಗೆ ಬೇಕು. ಊಟದ ಹೊತ್ತಲ್ಲಿ ಹೊಳೆದದ್ದನ್ನು ಮಧ್ಯಾಹ್ನ ಗ್ಯಾಬೂರಿ ಕಟ್ಟಿಕೊಡುವ ಕಾಲ ಮುಗಿಯಿತು. ತಂಡ ಚೆದುರಿತು. ಕೀಟನ್ ಮುಖ ಅದೇ, ಮೈ ಅದೇ. ಆದರೆ ಕೆಲವೇ ವರ್ಷಗಳಲ್ಲಿ ಸಿನಿಮಾಗಳು ಸೊರಗಿಹೋದವು. ಕೀಟನ್ ಕುಡಿತಕ್ಕೆ ಬಿದ್ದ.

ಬ್ರುಕ್‌ಮನ್ ಇನ್ನೂ ಸ್ವಲ್ಪ ದಿನ ಚೆನ್ನಾಗಿ ಬಾಳಿದ. ಲಾರೆಲ್ ಮತ್ತು ಹಾರ್ಡಿ, ಹೆರಾಲ್ಡ್ ಲಾಯ್ಡ್, ಡಬ್ಲ್ಯು. ಸಿ. ಫೀಲ್ಡ್ಸ್, ಹೀಗೆ ಆ ಕಾಲದ ದೊಡ್ಡ ಹಾಸ್ಯ ನಟರಿಗೆಲ್ಲ ನಿರ್ದೇಶನ ಮಾಡಿದ. ಅವನನ್ನೂ ಕುಡಿತ ಹಾಳುಮಾಡಿತು. ಹಳೇ ಸನ್ನಿವೇಶಗಳನ್ನೇ ಮತ್ತೆ ಮತ್ತೆ ಬಳಸಿದ್ದಕ್ಕೆ ಲಾಯ್ಡ್ ಕೋರ್ಟಿಗೆ ಹೋದ. ಆಮೇಲೆ ಕೆಲಸ ಕೊಡುವವರು ಕಡಿಮೆಯಾದರು. 1955ರ ಜನವರಿಯಲ್ಲಿ ಕೀಟನ್ ಹತ್ತಿರ ಪಿಸ್ತೂಲು ಎರವಲು ತಗೊಂಡು ಹೋಗಿ ತನ್ನ ಪ್ರಾಣ ತೆಗೆದುಕೊಂಡ. ಇದನ್ನು ಮೊದಲ ಸಲ ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಇಂಜಿನ್ ಕಥೆಯ ಪುಸ್ತಕ ತಂದುಕೊಟ್ಟ ಗೆಳೆಯ ಅವನು.

ಕೀಟನ್ 1966ರವರೆಗೆ ಬದುಕಿದ್ದ. ಅಷ್ಟರಲ್ಲಿ ಯುರೋಪಿನಲ್ಲೂ ಅಮೆರಿಕದಲ್ಲೂ ಜನ ಈ ಸಿನಿಮಾಕ್ಕೆ ಎದ್ದು ನಿಂತು ಚಪ್ಪಾಳೆ ಹೊಡೆಯೋಕೆ ಶುರುಮಾಡಿದ್ದರು. ಅದನ್ನು ಅವನು ಕಣ್ಣಾರೆ ಕಂಡ. 1989ರಲ್ಲಿ ಅಮೆರಿಕ ತನ್ನ ರಾಷ್ಟ್ರೀಯ ಚಿತ್ರ ಸಂಗ್ರಹಕ್ಕೆ ಮೊದಲ ಸಲ ಸಿನಿಮಾಗಳನ್ನು ಆರಿಸಿದಾಗ ಇದೂ ಆ ಪಟ್ಟಿಯಲ್ಲಿತ್ತು.

ಮತ್ತೆ ನೋಡ್ತೀರಾದರೆ ಹಳಿ ಮೇಲೆ ಬಿದ್ದ ದಿಮ್ಮಿಗಳ ದೃಶ್ಯವನ್ನು ನಿಧಾನವಾಗಿ ನೋಡಿ. ಜಾನಿ ಇಂಜಿನ್ನಿನ ಮೂತಿಯ ಮೇಲೆ ಒಂದು ದಿಮ್ಮಿಯನ್ನು ಅಪ್ಪಿಕೊಂಡು ಕೂತಿರ್ತಾನೆ. ಮುಂದೆ ಇನ್ನೊಂದು ಬಿದ್ದಿರುತ್ತೆ. ಕೈಲಿರೋದನ್ನು ಎತ್ತಿ ಅದರ ತುದಿಗೆ ಹೊಡೀತಾನೆ, ಎರಡೂ ಹಾರಿ ಪಕ್ಕಕ್ಕೆ ಬೀಳ್ತವೆ. ಇಂಜಿನ್ ನಿಲ್ಲೋದಿಲ್ಲ. ಕಟ್ ಇಲ್ಲ. ಹಿಂದೆ ಉಗಿಯ ಹಿಡಿ ಹಿಡಿದವನು, ಪಕ್ಕದಲ್ಲಿ ಕ್ಯಾಮೆರಾ ತಿರುಗಿಸುವವನು, ಎಲ್ಲರೂ ಆ ಹೊತ್ತಿಗೆ ಉಸಿರು ಬಿಗಿಹಿಡಿದಿರಬೇಕು.