ಓದುಗರ ಪ್ರಶ್ನೋತ್ತರ: ಕದ್ರಿಯ ಲೋಕೇಶ್ವರನ ಕೈಗಳು ಮತ್ತು ಕರಾಟೆ

ಕಳೆದ ಸಂಚಿಕೆಯಲ್ಲಿ ಧ್ಯಾನದ ಬಗ್ಗೆ ಬರೆಯುತ್ತ, ಯೌವನದಲ್ಲಿ ಮಂಗಳೂರಿನಲ್ಲಿ ಕೆಲವು ವರ್ಷ ಕರಾಟೆ ಕಲಿತಿದ್ದೆನೆಂದು ಒಂದೇ ಒಂದು ವಾಕ್ಯ ಸೇರಿಸಿದ್ದೆ. ಧ್ಯಾನದ ಕುರಿತು ಒಂದು ಪತ್ರವೂ ಬರಲಿಲ್ಲ. ಬಂದವೆಲ್ಲ ಆ ವಾಕ್ಯದ ಬೆನ್ನು ಹಿಡಿದೇ ಬಂದವು. ಅವುಗಳಲ್ಲಿ ನಾಲ್ಕನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ದಕ್ಷಿಣ ಭಾರತದ ಬೋಧಿಧರ್ಮರು ಚೀನಾಕ್ಕೆ ಹೋಗಿ ಶಾವೋಲಿನ್ ವಿಹಾರದ ಭಿಕ್ಷುಗಳಿಗೆ ಯುದ್ಧಕಲೆಯನ್ನು ಕಲಿಸಿದರೆಂದೂ, ಕುಂಗ್‌ಫು, ಕರಾಟೆಗಳೆಲ್ಲ ಅಲ್ಲಿಂದಲೇ ಹುಟ್ಟಿದವೆಂದೂ ನಮ್ಮ ಮಾಸ್ಟರ್ ಹೇಳುತ್ತಾರೆ. ಇದು ನಿಜವೇ?
(ಓದುಗರು, ಸುರತ್ಕಲ್)

ಉತ್ತರ: ನಿಮ್ಮ ಮಾಸ್ಟರ್ ಹೇಳಿದ್ದನ್ನೇ ನನ್ನ ಮಾಸ್ಟರೂ ಹೇಳಿದ್ದರು, ಅವರಿಗೆ ಅವರ ಮಾಸ್ಟರ್ ಹೇಳಿದ್ದರು. ಕೇಳಲು ಹೆಮ್ಮೆ ಎನಿಸುವ ಕಥೆ ಇದು. ಆದರೆ ದಾಖಲೆಗಳು ಇದರ ಪರವಾಗಿಲ್ಲ.

ಬೋಧಿಧರ್ಮರನ್ನು ಹೆಸರಿಸುವ ಅತ್ಯಂತ ಹಳೆಯ ಚೀನೀ ಬರಹ ಕ್ರಿ.ಶ. 547ರದು. ಲುವೋಯಾಂಗ್ ನಗರದ ವಿಹಾರಗಳನ್ನು ವರ್ಣಿಸುವ ಆ ಕೃತಿಯಲ್ಲಿ ಅವರು ಪರ್ಷಿಯಾ ಮೂಲದವರು; ಅಲ್ಲಿನ ಒಂದು ಸ್ತೂಪದ ಸೊಬಗಿಗೆ ಬೆರಗಾಗಿ ಕೈಮುಗಿದು ನಿಂತ ವೃದ್ಧ ಭಿಕ್ಷು. ಅವರು ದಕ್ಷಿಣ ಭಾರತದವರೆಂಬ ಮಾತು 7ನೇ ಶತಮಾನದ ದಾವೋಷುವಾನ್ ಎಂಬ ಭಿಕ್ಷುವಿನ ಬರಹದಲ್ಲಿ ಬರುತ್ತದೆ. ಪಲ್ಲವರ ರಾಜಕುಮಾರ, ಕಾಂಚೀಪುರದವರು ಎಂಬುದೆಲ್ಲ ಆಮೇಲೆ ಸೇರಿಕೊಂಡದ್ದು. ಈ ಎರಡೂ ಹಳೆಯ ಬರಹಗಳಲ್ಲಿ ಅವರು ಯಾರಿಗೂ ಒಂದು ಗುದ್ದನ್ನಾಗಲಿ, ಒಂದು ಒದೆತವನ್ನಾಗಲಿ ಕಲಿಸಿಲ್ಲ. ಶಾವೋಲಿನ್ ವಿಹಾರವನ್ನು ಉತ್ತರ ವೇಯ್ ವಂಶದ ಚಕ್ರವರ್ತಿ 495ರ ಸುಮಾರಿಗೆ ಕಟ್ಟಿಸಿದ್ದು ಕೂಡ ಬೋಧಿಧರ್ಮರಿಗಲ್ಲ, ಬತುವೋ ಎಂದು ಚೀನೀಯರು ಕರೆಯುವ, ಭಾರತದಿಂದಲೇ ಹೋದ ಇನ್ನೊಬ್ಬ ಧ್ಯಾನಿಗೆ. ಭಾರತದ ಸಂಬಂಧ ಬೇಕೇ ಬೇಕೆನ್ನುವವರಿಗೆ ಇವರೊಬ್ಬರು ಸಾಲದೇ? ಪಾಪ, ಅವರನ್ನು ಯಾರೂ ನೆನೆಯುವುದಿಲ್ಲ.

ವ್ಯಾಯಾಮದ ಕಥೆ ಹುಟ್ಟಿದ್ದು ಅದಕ್ಕೆ ಸಾವಿರ ವರ್ಷಗಳ ನಂತರ. ಸ್ನಾಯುಗಳನ್ನು ಬಲಪಡಿಸುವ ವಿಧಾನವನ್ನು ಹೇಳುವ ಯೀ ಜಿನ್ ಜಿಂಗ್ ಎಂಬ ಗ್ರಂಥದ ಕೊನೆಯಲ್ಲಿ 1624ರ ಟಿಪ್ಪಣಿಯೊಂದಿದೆ. ಅದರ ಮುನ್ನುಡಿ ಮಾತ್ರ 628ರಲ್ಲಿ ಒಬ್ಬ ಸೇನಾಪತಿ ಬರೆದದ್ದೆಂದು ಹೇಳಿಕೊಳ್ಳುತ್ತ, ಈ ವಿದ್ಯೆ ಬೋಧಿಧರ್ಮರದ್ದೆಂದು ಸಾರುತ್ತದೆ. ಚೀನಾದ ಇತಿಹಾಸಕಾರ ತಾಂಗ್ ಹಾವೋ 1930ರ ದಶಕದಲ್ಲಿಯೇ ಈ ಕಥೆಯ ಪೊಳ್ಳುತನವನ್ನು ತೋರಿಸಿದ್ದರು. ಕಥೆಯ ಕಾಲು ಅಷ್ಟರಲ್ಲಿ ಬಹಳ ದೂರ ಹೋಗಿತ್ತು, ಸಿನಿಮಾಗಳು ಅದಕ್ಕೆ ಚಕ್ರವನ್ನೂ ಜೋಡಿಸಿದವು. ಕೇರಳದ ಯುದ್ಧಕಲೆ ಕಳರಿಯೇ ಕುಂಗ್‌ಫುವಿನ ತಾಯಿ ಎಂಬ ಮಾತಿಗೂ ಇದಕ್ಕಿಂತ ಗಟ್ಟಿಯಾದ ಆಧಾರವಿಲ್ಲ.

ಹಾಗೆಂದು ಶಾವೋಲಿನ್ ಭಿಕ್ಷುಗಳು ಹೋರಾಟ ಕಲಿತದ್ದು ಸುಳ್ಳಲ್ಲ. 621ರಲ್ಲಿ ಹದಿಮೂರು ಮಂದಿ ಭಿಕ್ಷುಗಳು, ಮುಂದೆ ತಾಂಗ್ ಚಕ್ರವರ್ತಿಯಾದ ಲೀ ಶಿಮಿನ್‌ನ ಪಕ್ಷ ವಹಿಸಿ ಕಾದಾಡಿದರು. ಅದಕ್ಕೆ ಪ್ರತಿಫಲವಾಗಿ ವಿಹಾರಕ್ಕೆ ಜಮೀನೂ ಒಂದು ನೀರಿನ ಗಿರಣಿಯೂ ದೊರೆತವು. ಇದನ್ನು ಹೇಳುವ 728ರ ಶಿಲಾಶಾಸನ ಇಂದಿಗೂ ಅಲ್ಲಿದೆ. ಆದರೆ ಅದು ಆಸ್ತಿ ಮತ್ತು ರಾಜಕಾರಣದ ಕಥೆ, ಬೋಧಿಯ, ಅಂದರೆ ಜ್ಞಾನೋದಯದ, ಕಥೆಯಲ್ಲ. ಬೋಧಿಯ ಮಾತು ಬರುವುದು 17ನೇ ಶತಮಾನದ ಆರಂಭದಲ್ಲಿ. ವಿಹಾರದಲ್ಲಿ ಹತ್ತಕ್ಕೂ ಹೆಚ್ಚು ವರ್ಷ ದೊಣ್ಣೆವರಸೆ ಕಲಿತ ಚೆಂಗ್ ಝೋಂಗ್‌ಯೂ ಎಂಬಾತ, ದೊಣ್ಣೆವರಸೆಯಂತೆ ಮುಷ್ಟಿಯುದ್ಧವನ್ನೂ ಆಚೆಯ ದಡ ಮುಟ್ಟಿಸುವ ಸಾಧನವನ್ನಾಗಿಸಲು ಅಲ್ಲಿನ ಭಿಕ್ಷುಗಳು ಶ್ರಮಿಸುತ್ತಿದ್ದಾರೆಂದು ಬರೆದ. ಆಚೆಯ ದಡವೆಂದರೆ ಬೌದ್ಧರ ಮಾತಿನಲ್ಲಿ ನಿರ್ವಾಣ. ನಿಮ್ಮ ಮಾಸ್ಟರಿಗೆ ಹೇಳುವುದಿದ್ದರೆ ಈ ಮಾತನ್ನು ಹೇಳಿ. ಬೋಧಿಧರ್ಮರ ಕಥೆಯನ್ನು ಕಳೆದುಕೊಂಡ ಬೇಸರ ಸ್ವಲ್ಪವಾದರೂ ಕಡಿಮೆಯಾದೀತು.

ಪ್ರಶ್ನೆ: ನಾನು ಬ್ಲ್ಯಾಕ್ ಬೆಲ್ಟ್ ಪರೀಕ್ಷೆಗೆ ತಯಾರಾಗುತ್ತಿದ್ದೇನೆ. ಒಂದೇ ಕಟಾವನ್ನು (ನಿಗದಿತ ಚಲನೆಗಳ ಸರಣಿಯನ್ನು) ನೂರಾರು ಸಲ ಮಾಡಿದ ಮೇಲೆ ಕೆಲವೊಮ್ಮೆ ನಾಲ್ಕೈದು ಸೆಕೆಂಡುಗಳ ಕಾಲ ನಾನೇ ಇಲ್ಲ, ಕಟಾ ಮಾತ್ರ ನಡೆಯುತ್ತಿದೆ ಎನಿಸುತ್ತದೆ. ಧ್ಯಾನಕ್ಕೆ ಒತ್ತು ಕೊಡುವ ಬೌದ್ಧ ಪಂಥವಾದ ಝೆನ್‌ನ ಗುರುಗಳು ಹೇಳುವ ಜ್ಞಾನೋದಯವೆಂದರೆ ಇದೇನಾ?
(ಓದುಗರು, ಮಣಿಪಾಲ)

ಉತ್ತರ: ನೇರವಾಗಿ ಹೇಳುವುದಾದರೆ, ಅಲ್ಲ. ಆದರೆ ತಳ್ಳಿಹಾಕುವಂಥದ್ದೂ ಅಲ್ಲ.

ನನ್ನದೊಂದು ಸೋಲನ್ನು ಮೊದಲು ಹೇಳುತ್ತೇನೆ. ಜೂನ್ ತಿಂಗಳ ಒಂದು ಸಂಜೆ; ಶಾಲೆಯೊಂದರ ಸಭಾಂಗಣದಲ್ಲಿ ಅಭ್ಯಾಸ; ಮಳೆಯ ಹಸಿಗೆ ಕಾವಿ ನೆಲ ಅಂಗಾಲಿಗೆ ಅಂಟುತ್ತಿತ್ತು. ಕುಮಿಟೆಯಲ್ಲಿ, ಅಂದರೆ ಇಬ್ಬರು ಎದುರುಬದುರು ನಿಂತು ಮಾಡುವ ಕಾದಾಟದ ಅಭ್ಯಾಸದಲ್ಲಿ, ನನ್ನೆದುರಿಗಿದ್ದವನು ಎಡಗೈಯನ್ನು ಸುಮ್ಮನೆ ಒಂದು ಗೇಣು ಮೇಲೆತ್ತಿದ. ನನ್ನ ಕಣ್ಣು ಆ ಕೈಗೆ ಹೋಯಿತು, ಹೋದದ್ದು ಅಲ್ಲಿಯೇ ಕುಳಿತಿತು. ಅವನ ಬಲಗಾಲು ನನ್ನ ಪಕ್ಕೆಗೆ ಬಂದು ಬಡಿಯುವಾಗಲೂ ನಾನು ಆ ಕೈಯನ್ನೇ ನೋಡುತ್ತಿದ್ದೆ. ಮೂರು ದಿನ ಆಳವಾಗಿ ಉಸಿರೆಳೆಯಲು ಆಗಲಿಲ್ಲ. ಅಮ್ಮ ಬೈಯುತ್ತಲೇ ಕೊಟ್ಟಂಚುಕ್ಕಾದಿ ತೈಲ ಹಚ್ಚುತ್ತಿದ್ದರು.

ಜಪಾನಿನ ಝೆನ್ ಗುರು ತಾಕುವಾನ್ ಸೋಹೋ (1573–1645) ಖಡ್ಗವಿದ್ಯೆಯ ಆಚಾರ್ಯ ಯಾಗ್ಯು ಮುನೆನೋರಿಗೆ ಬರೆದ ಪತ್ರ ಇದೇ ವಿಷಯದ್ದೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. ಮನಸ್ಸು ಎದುರಾಳಿಯ ಕತ್ತಿಯ ಮೇಲೆ ನಿಂತರೂ ಸೋಲು, ತನ್ನ ಕತ್ತಿಯ ಮೇಲೆ ನಿಂತರೂ ಸೋಲು ಎನ್ನುವ ತಾಕುವಾನ್, ಅದಕ್ಕೆ ಸಾವಿರ ಕೈಗಳ ಕನ್ನೋನ್ ಮೂರ್ತಿಯ ಉದಾಹರಣೆ ಕೊಡುತ್ತಾರೆ: ಬಿಲ್ಲು ಹಿಡಿದ ಒಂದು ಕೈಯ ಮೇಲೆ ಮನಸ್ಸು ನಿಂತುಬಿಟ್ಟರೆ ಉಳಿದ 999 ಕೈಗಳೂ ನಿರುಪಯೋಗಿ. ಮನಸ್ಸು ಎಲ್ಲಿಯೂ ನಿಲ್ಲದಿದ್ದರೆ ಮಾತ್ರ ಎಲ್ಲ ಕೈಗಳೂ ಕೆಲಸಕ್ಕೆ ಬರುತ್ತವೆ.

ಈ ಕನ್ನೋನ್ ನಮಗೆ ಅಪರಿಚಿತರಲ್ಲ. ಸಂಸ್ಕೃತದ ಅವಲೋಕಿತೇಶ್ವರನೆಂಬ ಬೋಧಿಸತ್ವನೇ ಚೀನಾದಲ್ಲಿ ಗ್ವಾನ್‌ಯಿನ್, ಜಪಾನಿನಲ್ಲಿ ಕನ್ನೋನ್. ಲೋಕೇಶ್ವರನೆಂಬುದೂ ಅವನದೇ ಹೆಸರು. ಕದ್ರಿಯ ಮಂಜುನಾಥ ದೇವಾಲಯದಲ್ಲಿರುವ ಮೂರು ಮುಖ, ಆರು ಕೈಗಳ ಕಂಚಿನ ಲೋಕೇಶ್ವರನನ್ನು ಆಳುಪರ ಅರಸ ಕುಂದವರ್ಮನು ಕದರಿಕಾ ವಿಹಾರದಲ್ಲಿ ಸ್ಥಾಪಿಸಿದನೆಂದು ಪೀಠದ ಮೇಲಿನ ಶಾಸನ ಹೇಳುತ್ತದೆ. ಅದರಲ್ಲಿರುವ ಕಲಿವರ್ಷ 4068, ಅಂದರೆ ಕ್ರಿ.ಶ. 968. ಮಂಜೇಶ್ವರದ ಗೋವಿಂದ ಪೈಗಳಂಥ ವಿದ್ವಾಂಸರು ಕದ್ರಿಯ ಬೌದ್ಧ ಹಿನ್ನೆಲೆಯನ್ನು ಚರ್ಚಿಸಿದ್ದು ಮುಖ್ಯವಾಗಿ ಇದನ್ನು ಆಧರಿಸಿಯೇ. ಕದ್ರಿಯಲ್ಲಿ ಯಾರಾದರೂ ಕತ್ತಿವರಸೆ ಮಾಡುತ್ತಿದ್ದರೆಂದು ನಾನು ಹೇಳುತ್ತಿಲ್ಲ. ಅಂಥ ಕಥೆಯೊಂದನ್ನು ಕಟ್ಟಿದರೆ ಮೇಲಿನ ಉತ್ತರದಲ್ಲಿ ನಾನು ದೂರಿದ ತಪ್ಪನ್ನೇ ಮಾಡಿದಂತಾಗುತ್ತದೆ. ಆದರೆ ಆ ಮೂರ್ತಿಯ ಮುಂದೆ ನಿಂತಾಗಲೆಲ್ಲ ನನ್ನ ಕಣ್ಣು ಮೊದಲು ಒಂದು ಕೈಗೆ ಹೋಗಿ ಅಂಟಿಕೊಳ್ಳುತ್ತದೆ, ಪಕ್ಕೆಯ ಹಳೆಯ ನೋವು ನೆನಪಾಗುತ್ತದೆ.

ಇನ್ನು ನಿಮ್ಮ ನಾಲ್ಕೈದು ಸೆಕೆಂಡುಗಳ ವಿಷಯ. ನನ್ನ ದೊಡ್ಡಮ್ಮ ನಲವತ್ತು ವರ್ಷ ಬೀಡಿ ಕಟ್ಟಿದವರು. ಮೊರದಂಥ ಸೂಪು ಮಡಿಲಲ್ಲಿರುತ್ತಿತ್ತು, ಎಲೆಗೆ ತಂಬಾಕು ತುಂಬಿ, ಸುರುಳಿ ಸುತ್ತಿ, ತುದಿ ಮಡಚಿ, ನೂಲು ಸುತ್ತುವ ಕೆಲಸವೆಲ್ಲ ಬೆರಳುಗಳದ್ದು, ಮನಸ್ಸು ಟಿ.ವಿ. ಧಾರಾವಾಹಿಯಲ್ಲಿ. ಅಲ್ಲಿಯೂ ‘ನಾನು ಮಾಡುತ್ತಿದ್ದೇನೆ’ ಎಂಬುದು ಇರಲಿಲ್ಲ. ಆದರೆ ಅದು ರೂಢಿ. ಬುದ್ಧರು ಸತಿಪಟ್ಠಾನ ಸುತ್ತವೆಂಬ ಉಪದೇಶದಲ್ಲಿ ಹೇಳುವುದು ಬೇರೆಯೇ: ಮುಂದೆ ಹೋಗುವಾಗ, ಹಿಂದೆ ಬರುವಾಗ, ಕೈಕಾಲುಗಳನ್ನು ಮಡಚುವಾಗ, ಚಾಚುವಾಗ ಭಿಕ್ಷುವು ಸ್ಪಷ್ಟವಾದ ಅರಿವಿನಿಂದ ಇರುತ್ತಾನೆ. ಕರಾಟೆಯಲ್ಲಿ ಮಡಚುವುದು, ಚಾಚುವುದು ಬಿಟ್ಟರೆ ಇನ್ನೇನಿದೆ? ನಿಮ್ಮ ಕಟಾದ ಆ ಕ್ಷಣಗಳಲ್ಲಿ ಅಂಗಾಲಿನ ಕೆಳಗಿನ ನೆಲ, ಉಸಿರು, ತಿರುವಿನಲ್ಲಿ ಸೊಂಟದ ಚಲನೆ ಇವೆಲ್ಲ ಹೆಚ್ಚು ಸ್ಪಷ್ಟವಾಗಿದ್ದವೋ, ಮಸುಕಾಗಿದ್ದವೋ? ಸ್ಪಷ್ಟವಾಗಿದ್ದರೆ ಅದು ಅರಿವು. ನಡುವಿನ ಹೆಜ್ಜೆಗಳು ನೆನಪಿಗೇ ಬಾರದಿದ್ದರೆ ಅದು ದೊಡ್ಡಮ್ಮನ ಬೀಡಿ. ಎರಡೂ ಹೊರಗಿನಿಂದ ನೋಡುವವರಿಗೆ ಒಂದೇ ಥರ ಕಾಣುತ್ತವೆ, ಪರೀಕ್ಷಕರಿಗೂ ಕೂಡ.

ಸ್ಪಷ್ಟವಾಗಿದ್ದರೂ ಅದು ಬೋಧಿಯಲ್ಲ ಎಂದದ್ದೇಕೆಂದರೆ, ಪಾಲಿ ಸುತ್ತಗಳಲ್ಲಿ ನಿರ್ವಾಣವೆಂದರೇನೆಂಬ ಪ್ರಶ್ನೆಗೆ ಬುದ್ಧರ ಶಿಷ್ಯ ಸಾರಿಪುತ್ತರು ಕೊಡುವ ಉತ್ತರ ರಾಗ, ದ್ವೇಷ, ಮೋಹಗಳ ಕ್ಷಯ ಎಂದು. ಅದು ಬಂದು ಹೋಗುವ ಅನುಭವವಲ್ಲ. ಹಾಗಾಗಿ ನಿಮ್ಮ ಕಟಾವನ್ನು ಅಳೆಯಬೇಕಾದದ್ದು ಆ ಐದು ಸೆಕೆಂಡುಗಳಲ್ಲಿ ಅಲ್ಲ, ನಿಮಗಿಂತ ಕಡಿಮೆ ಅಭ್ಯಾಸ ಮಾಡಿದವಳು ಪರೀಕ್ಷೆಯಲ್ಲಿ ಪಾಸಾಗಿ ನೀವು ನಪಾಸಾದ ಸಂಜೆ ಮನೆಗೆ ಹೋಗುವ ಬಸ್ಸಿನಲ್ಲಿ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಝೆನ್ ಮತ್ತು ಯುದ್ಧಕಲೆ ಒಂದೇ ಎಂಬ ಭಾವನೆ ಜಗತ್ತಿನಲ್ಲೆಲ್ಲ ಹರಡಿದ್ದಕ್ಕೆ ಜರ್ಮನಿಯ ಪ್ರಾಧ್ಯಾಪಕ ಹೆರಿಗೆಲ್ ಜಪಾನಿನಲ್ಲಿ ತಾವು ಮಾಡಿದ ಬಿಲ್ವಿದ್ಯೆಯ ಕಲಿಕೆಯ ಬಗ್ಗೆ 1948ರಲ್ಲಿ ಪ್ರಕಟಿಸಿದ ಪುಸ್ತಕ ದೊಡ್ಡ ಕಾರಣ. ಕತ್ತಲೆಯಲ್ಲಿ ಗುರು ಬಿಟ್ಟ ಎರಡನೆಯ ಬಾಣ ಮೊದಲನೆಯದನ್ನು ಸೀಳಿತೆಂಬ ಪ್ರಸಿದ್ಧ ಪ್ರಸಂಗ ಅದರಲ್ಲಿದೆ. ಜಪಾನಿನ ಸಂಶೋಧಕ ಯಮಾಡಾ ಶೋಜಿ ಪರಿಶೀಲಿಸಿದಾಗ ತಿಳಿದುಬಂದದ್ದು: ಆ ರಾತ್ರಿ ಗುರುವಿನ ಮಾತನ್ನು ತಿಳಿಸಿಕೊಡಲು ಅಲ್ಲಿ ದುಭಾಷಿ ಇರಲಿಲ್ಲ, ಮತ್ತು ಅದು ಆಕಸ್ಮಿಕವೆಂದು ಆ ಗುರುವೇ ಆಮೇಲೆ ಒಬ್ಬರಲ್ಲಿ ಹೇಳಿದ್ದರು.

ಪರೀಕ್ಷೆಯ ಆತಂಕದಲ್ಲಿ ಅತಿಯಾಗಿ ದಣಿಯುತ್ತಿದ್ದೀರೆಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಸೋಣ ಎಂಬ ಶ್ರೀಮಂತರ ಮಗ ಭಿಕ್ಷುವಾದ ಮೇಲೆ ಅಂಗಾಲಿನಿಂದ ರಕ್ತ ಸುರಿಯುವ ತನಕ ಚಂಕ್ರಮಣ (ನಡೆಯುತ್ತ ಮಾಡುವ ಧ್ಯಾನ) ಮಾಡುತ್ತ, ಫಲ ಕಾಣದೆ ಮನೆಗೆ ಮರಳುವ ಯೋಚನೆಯಲ್ಲಿದ್ದ. ಅವನು ಹಿಂದೆ ವೀಣೆ ನುಡಿಸುತ್ತಿದ್ದನೆಂದು ತಿಳಿದಿದ್ದ ಬುದ್ಧರು ಕೇಳಿದ್ದು ತಂತಿಯ ಬಗ್ಗೆ: ಅತಿಯಾಗಿ ಬಿಗಿದರೆ ನುಡಿಯುತ್ತದೆಯೇ, ಸಡಿಲ ಬಿಟ್ಟರೆ ನುಡಿಯುತ್ತದೆಯೇ? ಅದರ ಜೊತೆಗೆ ಅವನಿಗೆ ಪಾದರಕ್ಷೆ ತೊಡಲು ಅನುಮತಿಯನ್ನೂ ಕೊಟ್ಟರೆಂದು ಭಿಕ್ಷುಗಳ ನಿಯಮಗಳ ಗ್ರಂಥವಾದ ವಿನಯಪಿಟಕದಲ್ಲಿದೆ. ಉಪಮೆಗಿಂತ ನನಗೆ ಈ ಪಾದರಕ್ಷೆಯೇ ಹೆಚ್ಚು ಇಷ್ಟ. ವಾರಕ್ಕೆ ಒಂದು ದಿನ ರಜೆ ತೆಗೆದುಕೊಳ್ಳಿ.

ಪ್ರಶ್ನೆ: ಅಹಿಂಸೆಯನ್ನು ಬೋಧಿಸಿದ ಬುದ್ಧನಿಗೂ ಹೊಡೆದಾಟದ ವಿದ್ಯೆಗೂ ಎತ್ತಣಿಂದೆತ್ತ ಸಂಬಂಧ? ನನ್ನ ಮಗ ಕ್ಲಾಸಿಗೆ ಸೇರಿದ ಮೇಲೆ ಸಿಟ್ಟು ಕಡಿಮೆಯಾಗುವ ಬದಲು ಹೆಚ್ಚಾಗಿದೆ.
(ಓದುಗರು, ಉಡುಪಿ)

ಉತ್ತರ: ನಿಮ್ಮ ಸಂದೇಹ ನ್ಯಾಯವಾದದ್ದು. ಬುದ್ಧರ ಉಪದೇಶಗಳ ಸಂಗ್ರಹವಾದ ಸಂಯುತ್ತನಿಕಾಯದಲ್ಲಿ ಒಬ್ಬ ಯೋಧರ ಮುಖ್ಯಸ್ಥ ಬುದ್ಧರಲ್ಲಿಗೆ ಬಂದು, ರಣರಂಗದಲ್ಲಿ ಹೋರಾಡುತ್ತ ಸತ್ತವನಿಗೆ ಸ್ವರ್ಗ ಸಿಗುತ್ತದೆಂದು ನಮ್ಮ ಹಿರಿಯ ಆಚಾರ್ಯರು ಹೇಳುತ್ತಾರೆ, ತಾವೇನು ಹೇಳುತ್ತೀರಿ ಎಂದು ಕೇಳುತ್ತಾನೆ. ಅದನ್ನು ನನ್ನಲ್ಲಿ ಕೇಳಬೇಡ ಎಂದು ಬುದ್ಧರು ಮತ್ತೆ ಮತ್ತೆ ತಡೆಯುತ್ತಾರೆ. ಅವನು ಬಿಡದೆ ಮೂರನೆಯ ಸಲವೂ ಕೇಳಿದಾಗ, ಇವರು ಸಾಯಲಿ ಎಂಬ ಕೀಳಾದ ಮನಸ್ಸಿನಲ್ಲೇ ಸತ್ತವನು ಹೋಗುವುದು ನರಕಕ್ಕೆ ಎಂದು ಉತ್ತರಿಸುತ್ತಾರೆ. ಯೋಧ ಅಳತೊಡಗುತ್ತಾನೆ. ತಾವು ಹೀಗೆ ಹೇಳಿದ್ದಕ್ಕೆ ಅಳುತ್ತಿಲ್ಲ, ಇಷ್ಟು ಕಾಲ ಆ ಆಚಾರ್ಯರ ಮಾತಿಗೆ ಮೋಸಹೋದೆನಲ್ಲ ಎಂದು ಅಳುತ್ತಿದ್ದೇನೆ ಎನ್ನುತ್ತಾನೆ. ಯುದ್ಧಕಲೆಯನ್ನು ಅಧ್ಯಾತ್ಮವೆಂದು ಮಾರುವವರೆಲ್ಲ ಒಮ್ಮೆ ಓದಬೇಕಾದ ಸುತ್ತ ಇದು. 20ನೇ ಶತಮಾನದಲ್ಲಿ ಜಪಾನಿನ ಎಷ್ಟೋ ಝೆನ್ ಗುರುಗಳು ತಮ್ಮ ದೇಶದ ಆಕ್ರಮಣಗಳನ್ನು ಬೌದ್ಧ ಪರಿಭಾಷೆಯಲ್ಲಿಯೇ ಸಮರ್ಥಿಸಿದ್ದು ಈಗ ದಾಖಲಾಗಿರುವ ಸಂಗತಿ. ನಿಲ್ಲದ ಮನಸ್ಸು ಕೊಲ್ಲುವ ಕೈಗೂ ಚುರುಕು ಕೊಡುತ್ತದೆ. ಅದಕ್ಕೆ ಶೀಲದ ಕಡಿವಾಣ ಬೇರೆಯೇ ಬೇಕು.

ನಿಮ್ಮ ಮಗನ ವಿಷಯಕ್ಕೆ ಬಂದರೆ, ಸಿಟ್ಟು ಹೆಚ್ಚಿದೆಯೋ, ಇದ್ದ ಸಿಟ್ಟಿಗೆ ಈಗ ಕೈಕಾಲು ಬಂದಿದೆಯೋ ಎಂಬುದನ್ನು ಗಮನಿಸಿ. ಕ್ಲಾಸಿಗೇ ಒಂದು ಸಂಜೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳಿ. ಕುಮಿಟೆಯಲ್ಲಿ ಪೆಟ್ಟು ತಿಂದ ಮಗುವಿನ ಹತ್ತಿರ ಮಾಸ್ಟರ್ ಹೋಗುತ್ತಾರೋ, ಹೊಡೆದವನ ಬೆನ್ನು ತಟ್ಟುತ್ತಾರೋ ನೋಡಿ. ಎರಡನೆಯದಾದರೆ ಬೇರೆ ಕ್ಲಾಸ್ ಹುಡುಕಿ. ಬುದ್ಧರನ್ನು ಇದರಲ್ಲಿ ಎಳೆಯುವ ಅಗತ್ಯವೇ ಇಲ್ಲ.

ಪ್ರಶ್ನೆ: ನಾವು ಕ್ರೈಸ್ತರು. ನಮ್ಮ ಮಗಳ ಕರಾಟೆ ಕ್ಲಾಸಿನಲ್ಲಿ ಮೊದಲೂ ಕೊನೆಗೂ ಮಂಡಿಯೂರಿ ಕಣ್ಣು ಮುಚ್ಚಿಸಿ ‘ಮೊಕುಸೋ’ ಮಾಡಿಸುತ್ತಾರೆ, ತಲೆಬಾಗಿಸುತ್ತಾರೆ. ಇದು ಬೌದ್ಧ ಪೂಜೆಯೇ?
(ಓದುಗರು, ಕುಲಶೇಖರ)

ಉತ್ತರ: ಅಲ್ಲ. ಮೊಕುಸೋ ಎಂದರೆ ಮೌನವಾಗಿ ಮನಸ್ಸನ್ನು ಅಣಿಗೊಳಿಸುವುದು. ಅದರಲ್ಲಿ ಮಂತ್ರವಿಲ್ಲ, ಮೂರ್ತಿಯಿಲ್ಲ. ತಲೆಬಾಗುವುದು ಜಪಾನೀಯರ ನಮಸ್ಕಾರ. ಕರಾಟೆ ಎಂಬ ಹೆಸರಿನಲ್ಲಿ ಮಾತ್ರ ಬೌದ್ಧ ನೆರಳಿದೆ: ಮೊದಲು ‘ಚೀನಾದ ಕೈ’ ಎಂಬ ಅರ್ಥದ ಅಕ್ಷರಗಳಲ್ಲಿ ಬರೆಯುತ್ತಿದ್ದ ಆ ಪದವನ್ನು 1930ರ ದಶಕದಲ್ಲಿ ಫುನಾಕೋಶಿ ಗಿಚಿನ್ ಮೊದಲಾದವರು ‘ಬರಿಗೈ’ ಎಂದು ಬದಲಿಸಿದರು, ಆ ‘ಬರಿ’ಗೆ ಬಳಸಿದ ಅಕ್ಷರವೇ ಬೌದ್ಧರ ಶೂನ್ಯಕ್ಕೂ ಇರುವುದು. ಅಷ್ಟರಿಂದ ಯಾರ ಧರ್ಮಕ್ಕೂ ಊನ ಬಾರದು. ಮನಸ್ಸಿಗೆ ಒಪ್ಪದಿದ್ದರೆ ಮಾಸ್ಟರಲ್ಲಿ ಹೇಳಿ, ಆ ಒಂದು ನಿಮಿಷ ಅವಳು ತನ್ನ ಪ್ರಾರ್ಥನೆಯನ್ನೇ ಹೇಳಿಕೊಳ್ಳಲಿ. ಮಗಳನ್ನೂ ಒಮ್ಮೆ ಕೇಳಿ ನೋಡಿ. ನಾನು ಕಂಡಂತೆ ಆ ವಯಸ್ಸಿನ ಮಕ್ಕಳಲ್ಲಿ ಹೆಚ್ಚಿನವರು ಮೊಕುಸೋ ಹೊತ್ತಿನಲ್ಲಿ ಒಂದು ಕಣ್ಣನ್ನು ಅರ್ಧ ತೆರೆದು, ಪಕ್ಕದವಳು ತೆರೆದಿದ್ದಾಳೆಯೇ ಎಂದು ನೋಡುತ್ತಿರುತ್ತಾರೆ.