ಲಾರ್ಡ್ಸ್‌ನಲ್ಲಿ ಅಪ್ಪನನ್ನು ಎಲ್ಲಿ ಕೂರಿಸೋದು?

ಲಂಡನ್ನಿಗೆ ಬಂದು ಎರಡು ತಿಂಗಳಾಯ್ತು, ಬೇಸಿಗೆಗೆ ಅಪ್ಪ ಬರ್ತಾರೆ, ಲಾರ್ಡ್ಸ್ ಕ್ರಿಕೆಟ್ ಮೈದಾನದ ಬಿಳಿ ಮೀಡಿಯಾ ಸೆಂಟರ್ (ಪತ್ರಕರ್ತರು, ಕಾಮೆಂಟರಿಯವರು ಕೂರೋ ಕಟ್ಟಡ) ತೋರಿಸಬೇಕು, ಅದರ ಹತ್ತಿರದ ಟಿಕೆಟ್ ತಗೊಳ್ಳಲಾ ಅಂತ ಕೇಳಿದ್ದೀರಿ. ಬೇಡವೇ ಬೇಡ. ಹತ್ತಿರ ಅಂದ್ರೆ ಕಾಂಪ್ಟನ್, ಎಡ್ರಿಚ್ ಸ್ಟ್ಯಾಂಡ್. ಅಲ್ಲಿ ಕೂತರೆ ಮುಖ ಪಿಚ್ ಕಡೆ, ಕಟ್ಟಡ ಬೆನ್ನ ಹಿಂದೆ, ಸುಮಾರು 15 ಮೀಟರ್ ಎತ್ತರದಲ್ಲಿ. ಬಂದ ಹೊಸದರಲ್ಲಿ ನಾನೂ ಇದೇ ತಪ್ಪು ಮಾಡಿದೆ. ನಮ್ಮಪ್ಪ ಅದನ್ನು ಸರಿಯಾಗಿ ನೋಡಿದ್ದು ಊರಿಗೆ ವಾಪಸ್ ಹೋದ ಮೇಲೆ, ಟೀವಿಯಲ್ಲಿ.

ಉತ್ತರದ ಗ್ರ್ಯಾಂಡ್ ಸ್ಟ್ಯಾಂಡ್ ಮೇಲಂತಸ್ತು ಸಿಕ್ಕರೆ ಬಿಡಬೇಡಿ. ಎಡಕ್ಕೆ ಮೀಡಿಯಾ ಸೆಂಟರ್: 1999ರದ್ದು, ಪೂರ್ತಿ ಅಲ್ಯೂಮಿನಿಯಂ ಚಿಪ್ಪು. ದೋಣಿ ಕಟ್ಟೋ ಕಾರ್ಖಾನೆಯಲ್ಲಿ ತುಂಡು ತುಂಡಾಗಿ ಮಾಡಿ, ಇಲ್ಲಿಗೆ ತಂದು ಬೆಸೆದದ್ದು. ಅದರ ಗಾಜು ಓರೆಯಾಗಿರೋದು ಬಿಸಿಲು ಪ್ರತಿಫಲಿಸಿ ಬ್ಯಾಟ್ಸ್‌ಮನ್ ಕಣ್ಣಿಗೆ ಹೊಡೆಯದಿರಲಿ ಅಂತ. ಬಲಕ್ಕೆ 1890ರ ಪೆವಿಲಿಯನ್, ಆಟಗಾರರ ಡ್ರೆಸ್ಸಿಂಗ್ ರೂಮ್ ಇರೋ ಕಟ್ಟಡ. ಎದುರಿಗೆ ಮೌಂಡ್ ಸ್ಟ್ಯಾಂಡ್: ಕೆಳಗೆ ಹಳೇ ಇಟ್ಟಿಗೆ ಕಮಾನು, ಮೇಲೆ 1987ರ ಬಟ್ಟೆ ಗುಡಾರ. ಮೈದಾನದ ಇಳಿಜಾರೂ ಇಲ್ಲಿಂದಲೇ ಗೊತ್ತಾಗೋದು. ನಿಮ್ಮ ಕಡೆಯಿಂದ ಆ ಕಡೆಗೆ ಸುಮಾರು ಎರಡೂವರೆ ಮೀಟರ್ ತಗ್ಗು. ಅದಕ್ಕೇ ಪೆವಿಲಿಯನ್ ಕಡೆಯಿಂದ ಹಾಕಿದ ಚೆಂಡು ಬಲಗೈ ಬ್ಯಾಟ್ಸ್‌ಮನ್‌ಗೆ ಒಳಕ್ಕೆ ಬರುತ್ತೆ, ನರ್ಸರಿ ಕಡೆಯಿಂದ, ಅಂದ್ರೆ ಮೀಡಿಯಾ ಸೆಂಟರ್ ಇರೋ ತುದಿಯಿಂದ, ಹಾಕಿದ್ದು ಹೊರಕ್ಕೆ ಹೋಗುತ್ತೆ.

ಒಂದೇ ತೊಂದರೆ, ಬಿಸಿಲು ಮುಖಕ್ಕೇ ಹೊಡೆಯುತ್ತೆ. ಟೋಪಿ ಮರೀಬೇಡಿ. ಅಪ್ಪನಿಗೆ ಬಿಸಿಲು ಆಗಲ್ಲ ಅಂದ್ರೆ ಮೌಂಡ್ ಸ್ಟ್ಯಾಂಡ್ ನೆರಳು, ಆದ್ರೆ ಮೋಡ ಕವಿದ ದಿನ ಜೂನ್‌ನಲ್ಲೂ ಸ್ವೆಟರ್ ಬೇಕು. ಅಲ್ಲಿ ಕೆಳಗಿನ ಹಿಂದಿನ ಸಾಲು ಬೇಡ. ತಲೆ ಮೇಲಿನ ಅಂತಸ್ತು ಎತ್ತರದ ಕ್ಯಾಚನ್ನು ನುಂಗಿಬಿಡುತ್ತೆ. ‘ರಿಸ್ಟ್ರಿಕ್ಟೆಡ್ ವ್ಯೂ’ ಅಂತ ಬರೆದ ಅಗ್ಗದ ಟಿಕೆಟ್ಟಿಗೆ ಆಸೆ ಪಡಬೇಡಿ. ಇಲ್ಲಿ ಹಾಗೆ ಬರೆದಿದ್ರೆ ನಿಜವಾಗಿಯೂ ಕಾಣಲ್ಲ ಅಂತಲೇ ಅರ್ಥ.

ಟೆಸ್ಟ್ ಟಿಕೆಟ್ ಲಾಟರಿ, ಮೊದಲೇ ಹೆಸರು ಹಾಕಿ. ಸಿಗದಿದ್ರೆ ಮಿಡ್ಲ್‌ಸೆಕ್ಸ್ ಕೌಂಟಿ ಮ್ಯಾಚಿಗೆ ಹೋಗಿ. ಕಟ್ಟಡ ನೋಡೋಕೆ ಅದೇ ವಾಸಿ, ಜಾಗ ಬದಲಾಯಿಸ್ತಾ ಓಡಾಡಬಹುದು. ಟೆಸ್ಟ್ ದಿನ ಮಾತ್ರ ಟವಲ್ ಹಾಕಿ ಸೀಟ್ ಹಿಡಿಯೋ ವಿದ್ಯೆ ನಡೆಯಲ್ಲ, ನಂಬರಿನಲ್ಲೇ ಕೂರಬೇಕು. ಮೊಸರನ್ನ, ಕೋಡುಬಳೆ ತರಬಹುದು. ಸೇಂಟ್ ಜಾನ್ಸ್ ವುಡ್ ಟ್ಯೂಬ್ ಸ್ಟೇಷನ್ನಿನಲ್ಲಿ ಇಳೀರಿ.

ಪೆವಿಲಿಯನ್ ಒಳಗಡೆ ನೋಡಬೇಕಾದ್ರೆ ಮ್ಯಾಚ್ ಇಲ್ಲದ ದಿನ ಟೂರ್ ಬುಕ್ ಮಾಡಿ. ಡ್ರೆಸ್ಸಿಂಗ್ ರೂಮಿನಲ್ಲಿ ಇಲ್ಲಿ ಟೆಸ್ಟ್ ಶತಕ ಹೊಡೆದವರ ಹೆಸರಿನ ಬೋರ್ಡಿದೆ. ಅದರಲ್ಲಿ ದ್ರಾವಿಡ್ 2011ರಲ್ಲಿ ಹೊಡೆದ 103 ಇದೆ. 1996ರ 95 ಇಲ್ಲ. ಇದನ್ನು ಅಪ್ಪನಿಗೆ ಮೊದಲೇ ಹೇಳಿ, ಪಾಪ, ಹುಡುಕ್ತಾ ನಿಂತುಬಿಡ್ತಾರೆ.