ಕಾದ ಬಳೆಯ ರಂಧ್ರ ಹಿಗ್ಗುವುದೇ, ಕುಗ್ಗುವುದೇ?

ಪ್ರಶ್ನೆ: ಕಬ್ಬಿಣದ ಬಳೆಯನ್ನು ಕಾಯಿಸಿದಾಗ ಲೋಹ ಎಲ್ಲ ದಿಕ್ಕಿಗೂ ಹಿಗ್ಗುವುದಾದರೆ, ಒಳಮುಖವಾಗಿಯೂ ಹಿಗ್ಗಿ ನಡುವಿನ ರಂಧ್ರ ಕಿರಿದಾಗಬೇಕಲ್ಲವೇ?

ಉತ್ತರ: ಇಲ್ಲ, ಬಳೆಯ ಜೊತೆಗೆ ರಂಧ್ರವೂ ಹಿಗ್ಗುತ್ತದೆ. ಘನವಸ್ತುವಿನ ಪರಮಾಣುಗಳು ತಮ್ಮ ನೆಲೆಯ ಸುತ್ತ ಸದಾ ಕಂಪಿಸುತ್ತಿರುತ್ತವೆ. ತಾಪ ಏರಿದಂತೆ ಈ ಕಂಪನ ಜೋರಾಗುತ್ತದೆ. ಆದರೆ ಹೆಚ್ಚು ಕಂಪಿಸುವುದರಿಂದಷ್ಟೇ ವಸ್ತು ಹಿಗ್ಗುವುದಿಲ್ಲ ಎಂಬುದನ್ನು ಪಠ್ಯಗಳು ಹಲವೊಮ್ಮೆ ಹೇಳದೆ ಬಿಡುತ್ತವೆ. ಪಕ್ಕದ ಪರಮಾಣುವಿಗೆ ಹತ್ತಿರವಾಗುವುದಕ್ಕೆ ಎದುರಾಗುವ ಪ್ರತಿರೋಧ, ಅದರಿಂದ ದೂರ ಸರಿಯುವುದಕ್ಕೆ ಎದುರಾಗುವ ಪ್ರತಿರೋಧಕ್ಕಿಂತ ಬಲವಾದದ್ದು. ಆದ್ದರಿಂದಲೇ ಕಂಪನ ಹೆಚ್ಚಿದಾಗ ಅವುಗಳ ನಡುವಿನ ಸರಾಸರಿ ಅಂತರವೂ ಹೆಚ್ಚುತ್ತದೆ.

ಈಗ ರಂಧ್ರದ ಅಂಚಿನಲ್ಲಿ ವೃತ್ತಾಕಾರವಾಗಿ ಸಾಲುಗಟ್ಟಿರುವ ಪರಮಾಣುಗಳನ್ನು ಮಾತ್ರ ಗಮನಿಸಿ. ಪ್ರತಿಯೊಂದೂ ತನ್ನ ಪಕ್ಕದ್ದರಿಂದ ತುಸು ದೂರ ಸರಿಯಬೇಕಾದರೆ ಆ ವೃತ್ತದ ಸುತ್ತಳತೆ ಹೆಚ್ಚಲೇಬೇಕು. ರಂಧ್ರ ಕಿರಿದಾಗಬೇಕಿದ್ದರೆ ಅವು ಇನ್ನಷ್ಟು ಒತ್ತೊತ್ತಾಗಿ ಕೂಡಬೇಕಿತ್ತು, ಕಾದ ಲೋಹದಲ್ಲಿ ಆಗುವುದು ಅದಕ್ಕೆ ವಿರುದ್ಧ.

ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಾ ತೊಡಿಸುವ ಕೆಲಸ ನಿಂತಿರುವುದೇ ಇದರ ಮೇಲೆ. ಒಂದು ಮೀಟರ್ ಉದ್ದದ ಉಕ್ಕು ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.012 ಮಿಲಿಮೀಟರ್ ಹಿಗ್ಗುತ್ತದೆ. ಒಂದು ಮೀಟರ್ ವ್ಯಾಸದ ಪಟ್ಟಾವನ್ನು 500 ಡಿಗ್ರಿಯಷ್ಟು ಹೆಚ್ಚು ಕಾಯಿಸಿದರೆ ವ್ಯಾಸ 6 ಮಿಲಿಮೀಟರಿಗೂ ಕಡಿಮೆಯಿಲ್ಲದಂತೆ ಬೆಳೆಯುತ್ತದೆ. ತಣ್ಣಗಿದ್ದಾಗ ಚಕ್ರಕ್ಕಿಂತ ಕೊಂಚ ಚಿಕ್ಕದಾಗಿದ್ದ ಪಟ್ಟಾ ಆಗ ಸಲೀಸಾಗಿ ಕೂರುತ್ತದೆ. ನೀರು ಸುರಿದೊಡನೆ ಕುಗ್ಗಿ, ಮರದ ಕೀಲುಗಳನ್ನೆಲ್ಲ ಬಿಗಿದು ಹಿಡಿಯುತ್ತದೆ. ಗಾಜಿನ ಜಾಡಿಯ ಬಿಗಿಯಾದ ಅಲ್ಯೂಮಿನಿಯಂ ಮುಚ್ಚಳ ಬಿಸಿನೀರಿಗೆ ಸಡಿಲವಾಗುವುದೂ ಹೀಗೆಯೇ: ಅಲ್ಯೂಮಿನಿಯಂ ಸಾಮಾನ್ಯ ಗಾಜಿಗಿಂತ ಸುಮಾರು ಎರಡೂವರೆ ಪಟ್ಟು ಹೆಚ್ಚು ಹಿಗ್ಗುತ್ತದೆ.

ಪ್ರಶ್ನೆ: ಸಾಣೆಯಂತ್ರದಿಂದ ಸಿಡಿಯುವ ಕಿಡಿ ಕೆಂಪಗೆ ಕಾದಿದ್ದರೂ ಕೈಯನ್ನು ಅಷ್ಟಾಗಿ ಸುಡುವುದಿಲ್ಲ, ಬಿಸಿನೀರು ಸುಡುತ್ತದೆ. ಏಕೆ?

ಉತ್ತರ: ತಾಪಮಾನ ಬೇರೆ, ಉಷ್ಣ ಬೇರೆ. ಕಣಗಳ ಚಲನೆ ಸರಾಸರಿ ಎಷ್ಟು ತೀವ್ರ ಎಂಬುದನ್ನು ತಾಪಮಾನ ಸೂಚಿಸುತ್ತದೆ. ಬಿಸಿ ವಸ್ತುವಿನಿಂದ ತಣ್ಣನೆಯದಕ್ಕೆ ಹರಿಯುವ ಶಕ್ತಿಯೇ ಉಷ್ಣ, ಮತ್ತು ಅದರ ಪ್ರಮಾಣ ವಸ್ತುವಿನ ರಾಶಿಯನ್ನೂ ಗುಣವನ್ನೂ ಅವಲಂಬಿಸಿದೆ. ಮಿಲಿಗ್ರಾಂನ ನೂರನೇ ಒಂದು ಭಾಗ ತೂಗುವ ಕಬ್ಬಿಣದ ಕಿಡಿ 1000 ಡಿಗ್ರಿಯಷ್ಟು ತಣಿದರೂ ಬಿಟ್ಟುಕೊಡುವುದು ಜೂಲ್‌ನ ನೂರನೇ ಒಂದು ಭಾಗಕ್ಕಿಂತ ಕಡಿಮೆ ಉಷ್ಣವನ್ನು. ಒಂದು ಚಮಚೆಯಷ್ಟು, ಅಂದರೆ 5 ಗ್ರಾಂ ನೀರು 80 ಡಿಗ್ರಿಯಿಂದ 40ಕ್ಕೆ ಇಳಿಯುವಾಗ ಚರ್ಮಕ್ಕೂ ಗಾಳಿಗೂ ಸೇರಿ ಕೊಡುವುದು ಸುಮಾರು 840 ಜೂಲ್. ಆದರೂ ಕಣ್ಣಿಗೆ ಆ ಚಿಕ್ಕ ಕಿಡಿಯೇ ಅಪಾಯಕಾರಿ. ರಕ್ಷಣಾ ಕನ್ನಡಕವಿಲ್ಲದೆ ಸಾಣೆಯಂತ್ರದ ಹತ್ತಿರ ನಿಲ್ಲಬೇಡಿ.